ಹೊಲಿದ ಓಟ

ಆ ದಿನ ಬೆಳಿಗ್ಗೆ ಮಂಜು ಬಿತ್ತು, ಎದ್ದಿತು, ಮತ್ತೆ ಬಿತ್ತು. ಕೆರೆ ಏರಿಯ ಮೇಲಿನ ಹೊಂಗೆಮರಗಳು ಕಾಣಿಸಿಕೊಂಡವು, ಮುಚ್ಚಿಹೋದವು, ಪುನಃ ಕಾಣಿಸಿಕೊಂಡವು. ಛತ್ರದ ಮುಂದೆ ಬೋಂಡ ಕರಿಯುವ ಕಪನಯ್ಯ ಬಾಣಲೆಗೆ ಬಿಟ್ಟ ಹಿಟ್ಟು ಉಬ್ಬಿ, ಕೆಂಪಗಾಗಿ, ಇನ್ನೇನು ಜಾಲರಿಗೆ ಬರಬೇಕು ಅನ್ನುವಷ್ಟರಲ್ಲಿ ಹಸಿಹಿಟ್ಟಾಗಿ ಅವನ ಬೆರಳಿಗೇ ಬಂದು ಅಂಟಿಕೊಂಡಿತು. "ಎಳ್ದ ನೋಡಿ ಅಯ್ನೋರೆ, ಮತ್ತೆ ಎಳ್ದ," ಎಂದು ಅವನು ಕೈ ಕೊಡವಿದ. ನಾನು ಹಣೆಗೆ ಇನ್ನೊಂದು ಸಲ ವಿಭೂತಿ ಇಟ್ಟುಕೊಂಡೆ. ಮೊದಲು ಇಟ್ಟದ್ದೆಲ್ಲ ವಿಭೂತಿಯ ಗಟ್ಟಿಗೇ ವಾಪಸು ಹೋಗಿತ್ತು. ಶಿವನಿಗೆ ಬೇಸರವಿಲ್ಲ, ನನಗೂ ಇರಬಾರದು ಅಂದುಕೊಂಡೆ. ಆದರೆ ಇತ್ತು.

ನಮ್ಮೂರಿನ ರೀತಿಯೇ ಇದು. ಛತ್ರದ ನಡುಮನೆಯ ಹಳೇ ಡಬ್ಬಾ ಟೀವಿಯಲ್ಲಿ ಕೊಡೆರಾಯನ ವೀಡಿಯೋ ಗೇಮು ನಡೆಯುತ್ತದೆ. ಆಡುವವನು ಆಟವನ್ನು ಹಿಂದಕ್ಕೆ ಎಳೆದರೆ ಊರೂ ಅಷ್ಟೇ ಹಿಂದಕ್ಕೆ ಹೋಗುತ್ತದೆ. ನೆನಪೊಂದು ಹೋಗುವುದಿಲ್ಲ. ಹಾಲು, ಹಿಟ್ಟು, ಮಂಜು, ಮನುಷ್ಯರು ಎಲ್ಲ ಹೋಗುತ್ತವೆ. ಊರ ಗಡಿಯ ಕೈಮರದಿಂದಾಚೆಗೆ ಈ ಕಾಟವಿಲ್ಲ, ಅದಕ್ಕೇ ಗಾಡಿ ಓಡಿಸುವವರು ಯಾರೂ ಒಳಕ್ಕೆ ಬರದೆ ಕೈಮರದಲ್ಲೇ ನಿಂತು ಹಾರನ್ ಹೊಡೆಯುತ್ತಾರೆ. ನಾವು ಹೊಂದಿಕೊಂಡಿದ್ದೇವೆ. ಕ್ಷೌರದವನು ಕತ್ತಿಯನ್ನು ಕುತ್ತಿಗೆಗೆ ತರುವ ಮೊದಲು ಛತ್ರದ ಕಡೆ ಕಿವಿ ಕೊಡುತ್ತಾನೆ. ಮದುವೆಯ ದಿನ ಆಡುವವನನ್ನು ಮೊದಲ ಪಂಕ್ತಿಗೇ ಕರೆದು, ಎಲೆ ಹಾಕಿ, ಹೋಳಿಗೆಯ ಮೇಲೆ ತುಪ್ಪ ಸುರಿಯುತ್ತಾರೆ. ಅವನ ಕೈ ತುಪ್ಪದಲ್ಲಿರುವಾಗ ಇತ್ತ ತಾಳಿ ಕಟ್ಟಿಸಿಬಿಡುತ್ತಾರೆ. ಬಾಯಿತುಂಬ ಬೈಯಬೇಕು ಅನ್ನಿಸಿದವರು ಆಟ ನಡೆಯುವ ಹೊತ್ತು ನೋಡಿಕೊಂಡು ಬೈಯುತ್ತಾರೆ. ಎಳೆದ ಹೊತ್ತಿನಲ್ಲಿ ಅಂದದ್ದು, ಕೊಟ್ಟದ್ದು, ಒಪ್ಪಿದ್ದು ಯಾವುದೂ ಗಣನೆಗಿಲ್ಲ. ಅದನ್ನು ಆಮೇಲೆ ಎತ್ತಿ ಆಡುವಷ್ಟು ಅಸಭ್ಯತನ ನಮ್ಮಲ್ಲಿ ಬೇರೊಂದಿಲ್ಲ.

ಎಳೆತಕ್ಕೆ ತಡೆ ಒಂದೇ ಒಂದು ಮಾತು. ಕಿಟಕಿಯ ಪಕ್ಕದ ಮಣೆಯ ಮೇಲೆ ಕೂತು ಆಟದ ಓಟವನ್ನು ನೋಡಿದವನು "ಆಯ್ತು" ಅನ್ನಬೇಕು. ಆಡಿದವನು ಅದನ್ನು ಒಪ್ಪಿ ತನ್ನ ಕೈಯಾರೆ ಛತ್ರದ ಗಂಟೆ ಹೊಡೆಯಬೇಕು. ಎರಡೂ ಕೂಡಿದರೆ ಓಟ ಅಲ್ಲಿಗೆ ಮುಗಿಯಿತು. ಅದರ ಹಿಂದಕ್ಕೆ ಇನ್ನು ಯಾರೂ ಎಳೆಯಲಾರರು. ಒಂದಿದ್ದು ಇನ್ನೊಂದಿಲ್ಲದಿದ್ದರೆ ಬರೀ ಗಾಳಿ. ಹೀಗಾಗಿ ಆ ಮಾತನ್ನು ನಮ್ಮೂರಲ್ಲಿ ಸುಮ್ಮಸುಮ್ಮನೆ ಯಾರೂ ಬಾಯಿಗೆ ತರುವುದಿಲ್ಲ. ಬೇರೆ ಊರುಗಳಲ್ಲಿ ಎದುರು ಸಿಕ್ಕವರನ್ನು ಊಟ ಆಯ್ತಾ ಎಂದು ಕೇಳುತ್ತಾರಂತೆ. ನಾವು ಉಂಡ್ರಾ ಅನ್ನುತ್ತೇವೆ. ಹೆಣ್ಣಿನ ಕಡೆಯವರು ಒಪ್ಪಿದರೂ ಹೂಂ, ಎತ್ತಿನ ವ್ಯಾಪಾರ ಕುದುರಿದರೂ ಹೂಂ. ನಾನು ಪುರಾಣ ಓದುವವನು, ಹೆಸರು ನಂಜುಂಡಾರಾಧ್ಯ. ಮಣೆ ನನಗೆ ಬಂದಮೇಲೆ ಆ ಹೆಸರು ಹೋಗಿ, "ಆ ಮಾತಿನ ಅಯ್ನೋರು" ಎಂಬುದು ಉಳಿಯಿತು.

ಕೊಡೆರಾಯ ಅಂದರೆ ಹೆಬ್ಬೆರಳುದ್ದದ ಮನುಷ್ಯ. ಕೆಂಪಂಗಿ, ಕೈಯಲ್ಲೊಂದು ಕೊಡೆ. ರಾಣಿಯ ಕಾಲಂದುಗೆ ಅವನ ಕೈಗೆ ಸಿಕ್ಕಿರುತ್ತದೆ, ಏಳು ಕೋಟೆ ದಾಟಿ ಅದನ್ನು ಅವಳಿಗೆ ಒಪ್ಪಿಸಬೇಕು. ಇಷ್ಟೇ ಕಥೆ. ಪುರಾಣ ಹೇಳುವವನಿಗೆ ಇಷ್ಟು ಸಾಕು, ಇದರಲ್ಲಿ ಎಲ್ಲವೂ ಇದೆ. ಹಿಂದೆ ಕೈಯಾಟವಿತ್ತು. ಆಡುವವರ ಅಂಗೈ ಬೆವರಿ ಗುಂಡಿಗಳು ಜಾರುತ್ತಿದ್ದವು. ಕೊಡೆರಾಯ ಕಂದಕದ ಮೇಲೆ ಹಾರಿದಾಗ ಇಡೀ ಛತ್ರ ಉಸಿರು ಬಿಗಿಹಿಡಿದು ಕೂರುತ್ತಿತ್ತು. ಬಿದ್ದರೆ ಅಯ್ಯೋ ಅಂದು, ಎದ್ದು, ಮೊದಲ ಕೋಟೆಯಿಂದ ಶುರುಮಾಡುತ್ತಿದ್ದರು. ಎಳೆಯುವ ಗುಂಡಿ ಆಗಲೂ ಇತ್ತು. ಕೂಸು ಬಾವಿಗೆ ಬಿದ್ದಂಥ ಹೊತ್ತಿನಲ್ಲಿ ಯಾರಾದರೂ ಓಡಿಬಂದು ಒತ್ತುತ್ತಿದ್ದರು, ಕೈಮುಗಿದು ಹೋಗುತ್ತಿದ್ದರು. ಅಂಥ ಗುಂಡಿಯನ್ನು ಗವಿರಂಗ ನೆಗೆತದ ಅಂದಕ್ಕೆ ಒತ್ತತೊಡಗಿದ.

ಗವಿರಂಗ ಮಿಕ್ಸಿ, ಫ್ಯಾನು ರಿಪೇರಿ ಮಾಡುವವನು. ನಲವತ್ತರ ಆಚೀಚೆ, ಮದುವೆಯಿಲ್ಲ, ಕಣ್ಣ ಕೆಳಗೆ ಕಪ್ಪು. ಅವನು ಆಟಕ್ಕೊಂದು ಪೆಟ್ಟಿಗೆ ಜೋಡಿಸಿಕೊಂಡಿದ್ದ. ಅದರಿಂದ ಕೊಡೆರಾಯ ಇರುವೆಗಿಂತ ನಿಧಾನಕ್ಕೆ ನಡೆಯುತ್ತಿದ್ದ. ಇವನು ಒಂದು ಕಡೆ ಗುರುತಿಗೆ ಗಂಟು ಹಾಕುವುದು, ನೆಗೆಸುವುದು, ನೆಗೆತ ಮನಸ್ಸಿಗೆ ಬರದಿದ್ದರೆ ಗಂಟಿನ ತನಕ ಎಳೆದು ಮತ್ತೆ ನೆಗೆಸುವುದು. ಹೀಗೆ ಚೂರುಚೂರು ಹೊಲಿದು, ಕೊನೆಗೆ ಒಂದೇ ಉಸಿರಿನ ಓಟವೆಂಬಂತೆ ಊರಿಗೆ ತೋರಿಸುವುದು. ನಾನು ಅದಕ್ಕೆ ಹೊಲಿದ ಓಟ ಎಂದು ಹೆಸರಿಟ್ಟೆ. ಜನಕ್ಕೆ ಅದು ಹೊಗಳಿಕೆಯಂತೆ ಕೇಳಿಸಿತು. ಏನು ಮಾಡುವುದು.

ನೋಡುವುದಕ್ಕೆ ಅದು ಚೆಂದವೇ, ಅಂಗಡಿಯ ಗಾಜಿನೊಳಗೆ ಸೀರೆ ಉಟ್ಟು ನಿಂತ ಬೊಂಬೆಯಷ್ಟು ಚೆಂದ. ಎರಡನೇ ಕೋಟೆಯಲ್ಲಿ ಬಾವಲಿಗಳಿವೆ. ಕೈಯಾಟದಲ್ಲಿ ಅವು ಎತ್ತ ಹಾರುತ್ತವೋ ಶಿವನೇ ಬಲ್ಲ. ಗವಿರಂಗನ ಕೊಡೆರಾಯ ಬಾಗಿಲಲ್ಲಿ ನಿಂತು ಕೊಡೆಯನ್ನು ವಿನಾಕಾರಣ ಬಿಚ್ಚುತ್ತಾನೆ, ಮುಚ್ಚುತ್ತಾನೆ, ಬಿಚ್ಚುತ್ತಾನೆ. ಬಾವಲಿಗಳು ಸಾಲಾಗಿ ಪಕ್ಕಕ್ಕೆ ಸರಿದು ದಾರಿ ಬಿಡುತ್ತವೆ. "ಬಾವಲಿಗೂ ಲಂಚ ತಿನ್ಸವ್ನೆ," ಎಂದು ಕಪನಯ್ಯ ನಕ್ಕು ಚಪ್ಪಾಳೆ ತಟ್ಟಿದ. ನನಗೆ ನಗು ಬರಲಿಲ್ಲ. ನಾಲ್ಕನೆಯ ಕೋಟೆಯಲ್ಲಿ ಬಾಗಿಲು ಕಾಯುವ ಮುದಿ ರಾಕ್ಷಸನಿದ್ದಾನೆ, ಅವನೊಡನೆ ಹೊಡೆದಾಡದೆ ದಾರಿಯಿಲ್ಲ. ಇವನು ಕೊಡೆರಾಯನ ಭುಜವನ್ನು ಗೋಡೆಯ ಮೂಲೆಗೆ ಒತ್ತಿ ಒತ್ತಿ, ಗೋಡೆಯೊಳಗೇ ತೂರಿಸಿ ಆಚೆಗೆ ತೆಗೆದ. ರಾಕ್ಷಸ ಪಾಪ, ಬಾಗಿಲ ಕಡೆ ಮುಖ ಮಾಡಿಕೊಂಡು ಇನ್ನೂ ಕಾಯುತ್ತಿದ್ದಾನೆ. ಎಲ್ಲಕ್ಕಿಂತ ಹೊಟ್ಟೆ ಉರಿಸಿದ್ದು ಏಳನೆಯ ಕೋಟೆ. ಗೋಪುರದ ತುದಿಯಿಂದ ಒಂದು ಕೋನದಲ್ಲಿ ಹಿಂದುಮುಂದಾಗಿ ಬಿದ್ದರೆ ಆಟ ತಾನೇ ದಿಗಿಲುಬಿದ್ದು ಮುಗಿದುಹೋಗುತ್ತದೆಂದು ಇವನು ಕಂಡುಹಿಡಿದಿದ್ದ. ರಾಣಿಯನ್ನು ಕಾಣುವುದೇ ಬೇಡ. ಅಂದುಗೆ ಕೊಡೆರಾಯನ ಜೇಬಿನಲ್ಲೇ ಉಳಿಯುತ್ತದೆ!

"ಲೋ ರಂಗ, ಅವನು ಹೊರಟದ್ದು ಯಾಕಪ್ಪ?" ಎಂದು ನಾನು ಕೇಳಿದ್ದೆ. "ಅಂದುಗೆ ಕೊಡೋಕೆ ತಾನೆ? ಕೊಡದೇ ಮುಗಿಸಿದರೆ ಅದು ಓಟ ಅಲ್ಲ ಕಣೋ, ಓಡಿಹೋಗೋದು."

ಅವನು ಟೀವಿಯಿಂದ ಕಣ್ಣು ಕೀಳಲಿಲ್ಲ. "ಅಯ್ನೋರೆ, ಈ ಊರಲ್ಲಿ ಒಂದಾದ್ರೂ ಕೆಲ್ಸ ನೆಟ್ಟಗೆ ನಡ್ದಿರೋದು ನೋಡಿದ್ದೀರಾ? ಚರಂಡಿ ಸೊಟ್ಟ, ಈ ಛತ್ರದ ಕಂಬ ಸೊಟ್ಟ, ನಾನು ರಿಪೇರಿ ಮಾಡಿಕೊಟ್ಟ ಮಿಕ್ಸಿನೂ ವಾರಕ್ಕೇ ಕೂಗ್ತದೆ. ಒಂದೇ ಒಂದು ಓಟ, ಒಂದು ಚೂರೂ ಊನ ಇಲ್ದಂಗೆ ಇರ್ಲಿ ಅಂತ ನಂಗೆ. ನಿಮ್ ಪುರಾಣದಲ್ಲಿ ದೇವ್ರು ಎಡವ್ತಾನಾ?"

"ಎಡವ್ತಾನಪ್ಪ. ಎಡವಿದ ಜಾಗದಲ್ಲೇ ನಾವು ಗುಡಿ ಕಟ್ಟೋದು. ಪುರಾಣ ಓದೋವಾಗ ನಾನೂ ತಪ್ತೀನಿ. ತಪ್ಪಿದರೆ ತಪ್ಪಿನ ಮೇಲೇ ಮುಂದಕ್ಕೆ ಹೋಗ್ತೀನಿ, ಪುಟ ಹಿಂದಕ್ಕೆ ತಿರುಗಿಸಲ್ಲ. ನಿನ್ನ ಕೊಡೆರಾಯನಿಗೆ ಬೀಳೋ ಭಯವೇ ಇಲ್ಲ. ಭಯ ಇಲ್ದೋನು ಹಾರಿದ್ರೆ ಅದಕ್ಕೆ ಹಾರೋದು ಅಂತಾರಾ? ಒಗೆದ ಬಟ್ಟೆ ಗಾಳಿಗೆ ಹಾರ್ತದೆ, ಅದಕ್ಕೂ ಚಪ್ಪಾಳೆ ತಟ್ಟೋಣ."

"ನೀವು ಬೈತಾನೇ ಇರಿ, ನಾನು ಹೊಲೀತಾನೇ ಇರ್ತೀನಿ," ಅಂದು ಅವನು ಇನ್ನೊಂದು ಗಂಟು ಹಾಕಿದ.

ಈಗ ದೇವೀರಮ್ಮನ ವಿಷಯ ಹೇಳಬೇಕು. ನನ್ನ ಮಣೆಯಿಂದ ಎಡಕ್ಕೆ ತಿರುಗಿದರೆ ಟೀವಿ, ಬಲಕ್ಕೆ ತಿರುಗಿದರೆ ಕಿಟಕಿಯಾಚೆ ಅವಳ ಮನೆಯ ಹೊಸಿಲು. ಬೀದಿಯ ಇನ್ನೊಂದು ಮಗ್ಗುಲಿಗೆ ಅವಳ ತಂಗಿ ಚೆನ್ನಾಜಮ್ಮನ ಮನೆ. ಇಬ್ಬರಿಗೂ ಮಾತಿಲ್ಲ. ತಾಯಿ ಬಿಟ್ಟುಹೋದದ್ದು ಒಂದು ಶ್ಯಾವಿಗೆ ಒರಳು, ಹಲಸಿನ ಮರದ್ದು. ಅದರ ಬಾಯಿಗೆ ಕೂರಿಸುವ ಹಿತ್ತಾಳೆಯ ತೂತಿನ ಬಿಲ್ಲೆಯೊಂದು. ಬಿಲ್ಲೆಯಿಲ್ಲದಿದ್ದರೆ ಶ್ಯಾವಿಗೆ ಬೀಳುವುದಿಲ್ಲ, ಒರಳು ಬರೀ ಕಟ್ಟಿಗೆ. ಒಂದು ವರ್ಷ ಅಕ್ಕನ ಮನೆಯಲ್ಲಿ, ಒಂದು ವರ್ಷ ತಂಗಿಯ ಮನೆಯಲ್ಲಿ ಇರಬೇಕೆಂದು ತಾಯಿ ಹೇಳಿದ್ದಳು. ತಂಗಿಯ ವರ್ಷ ಮುಗಿದರೂ ಒರಳು ಬರಲಿಲ್ಲ. ದೇವೀರಮ್ಮ ನಡುಬೀದಿಯಲ್ಲಿ ನಿಂತು ಕಳ್ಳಿ ಎಂದಳು. ಅಂದದ್ದು ಆಟ ನಡೆಯದ ಹೊತ್ತಿನಲ್ಲಿ, ಆ ಮಾತು ಹಾಗೇ ಉಳಿಯಿತು. ಆಮೇಲೆ ಇಬ್ಬರ ಕೂದಲೂ ಬೆಳ್ಳಗಾದವು.

ಆ ದಿನ ದೇವೀರಮ್ಮ ಊರು ಬಿಡುವವಳಿದ್ದಳು. ಕೈಮರದಾಚೆಯ ಊರಿನಲ್ಲಿ ಅವಳ ಮೈದುನನ ಮನೆಯಿತ್ತು. "ಇಲ್ಲಿ ಬೆಳಗು ಅನ್ನೋದು ಮುಗಿಯೋದೇ ಇಲ್ಲ ಸ್ವಾಮಿ. ಕಸ ಗುಡ್ಸಿದ್ದೇ ಗುಡ್ಸಿ ಸಾಕಾಗ್ಯದೆ. ಗುಡ್ಸಿದ್ದು ಗುಡ್ಸಿದಂಗೇ ಇರೋ ಊರಲ್ಲಿ ಸಾಯ್ತೀನಿ," ಎಂದು ಹಿಂದಿನ ದಿನ ಬಂದು ನನ್ನಿಂದ ವಿಭೂತಿ ಈಸಿಕೊಂಡು ಹೋಗಿದ್ದಳು. ತಂಗಿಯ ಮಾತು ಎತ್ತಲಿಲ್ಲ. ಹೋಗುವಾಗ ಮಾತ್ರ ಎದುರು ಮನೆಯ ಬಾಗಿಲನ್ನೊಮ್ಮೆ ನೋಡಿದಳು. ಹೋದರೆ ಅವಳು ಮತ್ತೆ ಬರುವವಳಲ್ಲ, ಚೆನ್ನಾಜಮ್ಮ ಅಲ್ಲಿಗೆ ಹೋಗುವವಳಲ್ಲ. ಅದು ಇಬ್ಬರಿಗೂ ಗೊತ್ತಿತ್ತು, ಬೀದಿಗೂ ಗೊತ್ತಿತ್ತು.

ಬೆಳಿಗ್ಗೆಯೇ ಮೆಟಡೋರ್ ಬಂದು ಕೈಮರದಲ್ಲಿ ನಿಂತಿತ್ತು. ಡ್ರೈವರ್‌ನ ಹೊತ್ತು ಮುಂದಕ್ಕೇ ಓಡುತ್ತಿತ್ತು, ನಮ್ಮದು ಐದನೇ ಕೋಟೆಯ ಬಾಗಿಲಲ್ಲಿ ಹಿಂದಕ್ಕೂ ಮುಂದಕ್ಕೂ ತೊನೆಯುತ್ತಿತ್ತು. ಹೀಗಾಗಿ ಪ್ರತಿ ಎಳೆತಕ್ಕೂ ಅವನ ಹಾರನ್ ಇನ್ನಷ್ಟು ಉದ್ದವಾಗಿ ಕೇಳುತ್ತಿತ್ತು.

ಆ ಐದನೇ ಕೋಟೆಯಲ್ಲೊಂದು ತಗ್ಗಿನ ಸೂರು. ಅದರ ಕೆಳಗೆ ಹಾರುವಾಗ ಕೊಡೆರಾಯನ ತಲೆ ಸೂರಿಗೆ ತಾಗಿದರೆ ಅವನು ರೆಪ್ಪೆ ಬಡಿಯುವಷ್ಟು ಹೊತ್ತು ತಡವರಿಸುತ್ತಾನೆ, ಅಷ್ಟೆ. ಸಾಯುವುದಿಲ್ಲ, ಬೀಳುವುದೂ ಇಲ್ಲ. ಗವಿರಂಗನಿಗೆ ಆ ರೆಪ್ಪೆಯಷ್ಟೂ ಬೇಡ. ಅವನು ಗಂಟು ಹಾಕಿ ನೆಗೆಸಲು ಕೂತ. ಅದೇ ಹೊತ್ತಿಗೆ ಬಲಗಡೆ ಬಾಗಿಲು ಕಿರ್ರೆಂದಿತು. ಮಂಜಿನೊಳಗಿಂದ ಚೆನ್ನಾಜಮ್ಮ ಹೊರಗೆ ಬಂದಳು. ಸೆರಗಿನ ಮರೆಯಲ್ಲಿ ಏನೋ ಭಾರ. ಬೀದಿ ದಾಟಿ ಅಕ್ಕನ ಹೊಸಿಲಿಗೆ ಹೋಗಿ ಸೆರಗು ಸರಿಸಿದಳು. ಒರಳು. "ಅಕ್ಕಯ್ಯಾ," ಅಂದಳು. ದೇವೀರಮ್ಮ ಎರಡೂ ಕೈ ಚಾಚಿ ಅದನ್ನು ಎದೆಗೆ ಅವುಚಿಕೊಂಡು, "ಎಷ್ಟು ವರ್ಸ ಮಾಡ್ಬುಟ್ಟೆ ಚೆನ್ನಿ," ಎಂದು ಅತ್ತಳು. ಕಪನಯ್ಯನ ಬೋಂಡ ಕರಕಲಾಗುತ್ತಿತ್ತು, ಅವನು ನೋಡಲಿಲ್ಲ. ನನ್ನ ಕೈಗಳು ತಾವೇ ಮೇಲೆದ್ದು ಮುಗಿದುಕೊಂಡವು.

"ಥೂ, ತಲೆ ತಾಗ್ತು," ಅಂದ ಗವಿರಂಗ. ಎಳೆದ.

ಮಂಜು ವಾಪಸು ಇಳಿಯಿತು. ಒರಳು ತಂಗಿಯ ಮನೆಯೊಳಗೆ. ಅಕ್ಕನ ಕೈ ಖಾಲಿ, ಕಣ್ಣು ಒಣಗಿದೆ. ನೆನಪು ಮಾತ್ರ ಇಬ್ಬರಲ್ಲೂ ಇದೆ, ಬೀದಿಯಲ್ಲೂ ಇದೆ, ಆಡುವಂತಿಲ್ಲ. ಚೆನ್ನಾಜಮ್ಮ ಮತ್ತೆ ಬಂದಳು. ಈ ಸಲ ನಡಿಗೆ ಬಿರುಸಾಗಿತ್ತು. "ಅಕ್ಕಯ್ಯಾ," ಅಂದಳು, ಆ ಮಾತು ಆಗಲೇ ಸ್ವಲ್ಪ ಸವೆದಿತ್ತು. ದೇವೀರಮ್ಮ ಅತ್ತಳು, ಆದರೆ ಅಳುವಿನ ನಡುವೆ ಛತ್ರದ ಕಡೆ ಕಣ್ಣು ಹಾಯಿಸಿದಳು. ತಲೆ ತಾಗಿತು. ಎಳೆದ. ಮುಂದಿನ ಸಲ ತಂಗಿ ಹೊಸಿಲು ಮುಟ್ಟುವ ಮೊದಲೇ ಅಕ್ಕ ಕೈ ಚಾಚಿಕೊಂಡು ನಿಂತಿದ್ದಳು. ಒರಳು ಈ ಕೈಯಿಂದ ಆ ಕೈಗೆ ಹೋದದ್ದು ಕೊಡೆರಾಯ ಬಾವಲಿಗಳ ನಡುವೆ ಹೋದಷ್ಟೇ ನುಣುಪಾಗಿತ್ತು. "ಚೆನ್ನಾಗಿ ಪಳಗ್ಬುಟ್ರು," ಅಂದ ಕಪನಯ್ಯ. ಅಂದಮೇಲೆ ಅವನಿಗೇ ನಾಚಿಕೆಯಾಗಿ ಒಲೆ ಊದತೊಡಗಿದ.

ನನಗೆ ಆಗ ಬಂದ ಸಿಟ್ಟನ್ನು ಭಸ್ಮ ಹಚ್ಚಿಕೊಂಡವನು ಹೇಳಬಾರದು. ಕೆಟ್ಟದ್ದನ್ನು ಅಳಿಸುವುದಕ್ಕೆಂದು ಇದ್ದ ಗುಂಡಿ ಇದು. ಒಬ್ಬ ಮನುಷ್ಯ ತನ್ನ ಬೊಂಬೆಯ ಬುರುಡೆ ಸೂರಿಗೆ ತಾಗಬಾರದೆಂದು, ಒಬ್ಬ ಹೆಂಗಸು ವರ್ಷಗಟ್ಟಲೆ ಕೂಡಿಸಿಕೊಂಡ ಧೈರ್ಯವನ್ನು ಬೋಂಡದ ಹಿಟ್ಟಿನಂತೆ ಕಲಸಿ ಕಲಸಿ ಇಡುತ್ತಿದ್ದ. ಅವನಿಗದು ಗೊತ್ತೂ ಇರಲಿಲ್ಲ. ಅವನ ಬೆನ್ನು ಕಿಟಕಿಗೆ. ಹೊಲಿದ ಓಟ ಹೊಲಿಯುವವರ ಬೆನ್ನು ಯಾವಾಗಲೂ ಕಿಟಕಿಗೇ ಇರುತ್ತದೆ.

"ರಂಗ, ಒಂದ್ಸಲ ಈ ಕಡೆ ತಿರುಗಿ ನೋಡೋ," ಅಂದೆ.

"ಈ ನೆಗ್ತ ಒಂದು ಕೂರ್ಲಿ ಅಯ್ನೋರೆ."

"ನಿನ್ನ ನೆಗೆತ ಕೂರೋ ಹೊತ್ತಿಗೆ ಇಲ್ಲಿ ಎದ್ದು ಹೋಗೋರು ಹೋಗಿರ್ತಾರೆ."

ಅವನು ಕೇಳಿಸಿಕೊಳ್ಳಲಿಲ್ಲ. ಇನ್ನೊಮ್ಮೆ ಎಳೆದ. ಈ ಸಲ ಚೆನ್ನಾಜಮ್ಮ ಬಾಗಿಲು ತೆರೆಯಲು ತಡಮಾಡಿದಳು. ಬಂದಳು, ಸೆರಗಿನ ಮರೆಯಲ್ಲಿ ಒರಳಿತ್ತು, ಆದರೆ ನಡುಬೀದಿಯಲ್ಲಿ ನಿಂತುಬಿಟ್ಟಳು. ಅತ್ತ ದೇವೀರಮ್ಮ ಬಾಗಿಲಿಗೆ ಬೀಗ ಹಾಕುತ್ತಿದ್ದಳು. ಕಾಲ ಬಳಿ ಟ್ರಂಕು. ಕೈಮರದಿಂದ ಹಾರನ್ ಬಿಟ್ಟೂ ಬಿಡದೆ ಕೂಗಿತು. ಅಕ್ಕ ತಂಗಿಯನ್ನು ನೋಡಿದಳು. ಬಾ ಅನ್ನಲಿಲ್ಲ. ಬಂದರೂ ಇದು ಹಿಂದಕ್ಕೆ ಹೋಗುವುದೇ ತಾನೆ ಎಂಬ ಬೇಸರ ಅವಳ ಮುಖದಲ್ಲಿತ್ತು. ಟ್ರಂಕಿನ ಹಿಡಿಗೆ ಕೈ ಹಾಕಿದಳು. ಎಡಗಡೆ ಟೀವಿಯಲ್ಲಿ ಕೊಡೆರಾಯನ ತಲೆ ಸೂರಿಗೆ ಟಣ್ಣೆಂದು ತಾಗಿತು. ಗವಿರಂಗನ ಬೆರಳು ಗುಂಡಿಯ ಮೇಲೆ ಹೋಯಿತು.

"ಆಯ್ತು," ಅಂದೆ.

ಒಲೆ ಊದುತ್ತಿದ್ದ ಕಪನಯ್ಯ ಊದುಗೊಳವೆ ಕೆಳಗಿಟ್ಟ. ಗವಿರಂಗ ತಿರುಗಿದ. ಅಷ್ಟು ಹೊತ್ತಿನಲ್ಲಿ ಅವನು ತಿರುಗಿದ್ದು ಅದೇ ಮೊದಲು. "ಏನಂದ್ರಿ?"

"ಅಂದದ್ದು ಕೇಳಿಸ್ತಲ್ಲ."

"ಐದ್ನೇ ಕೋಟೇಲವ್ನೆ ಅಯ್ನೋರೆ! ತಲೆ ತಾಗ್ಯದೆ! ಇದುನ್ನ ಮುಗೀತು ಅಂದ್ರೆ ನನ್ ಓಟದಾಗೆ ಈ ಊನ ಕಲ್ಲಲ್ಲಿ ಕೆತ್ತಿದಂಗೆ ನಿಂತ್ಕತದೆ. ರಾಣಿ ಹತ್ರ ಹೋಗೋದು ಬ್ಯಾಡ್ವಾ?"

"ನಿನ್ನ ಓಟದಲ್ಲಿ ರಾಣಿ ಹತ್ರ ಹೋಗೋದೇ ಇಲ್ಲವಲ್ಲೋ. ಎಲ್ಲಿ ನಿಂತರೇನು?"

ಅವನ ಬೆರಳು ಇನ್ನೂ ಗುಂಡಿಯ ಮೇಲೇ ಇತ್ತು. ಒತ್ತಿದ್ದರೆ ನನ್ನ ಮಾತು ಗಾಳಿಗೆ ಹೋಗುತ್ತಿತ್ತು. ನಾನು ಸ್ವಲ್ಪ ಹಿಂದಕ್ಕೆ ಸರಿದು ಕಿಟಕಿ ಬಿಟ್ಟುಕೊಟ್ಟೆ. ಅವನು ನೋಡಿದ. ನಡುಬೀದಿಯಲ್ಲಿ ನಿಂತ ಮುದುಕಿ, ಬೀಗ ಹಾಕಿದ ಬಾಗಿಲು, ಟ್ರಂಕು. ಅವನು ಹುಡುಗನಾಗಿದ್ದಾಗ ಆ ಒರಳಿನ ಶ್ಯಾವಿಗೆಯನ್ನು ಎರಡೂ ಮನೆಯಲ್ಲಿ ತಿಂದವನು. "ಎಷ್ಟೊತ್ತಿಂದ ಹಿಂಗೆ ನಿಂತವ್ಳೆ?" ಎಂದು ಕೇಳಿದ.

"ನೀನು ಎಳೆದಷ್ಟು ಹೊತ್ತಿಂದ," ಅಂದ ಕಪನಯ್ಯ.

ಗವಿರಂಗ ಪರದೆಯ ಕಡೆ ಇನ್ನೊಮ್ಮೆ ನೋಡಿದ. ಕೊಡೆರಾಯ ಸೂರಿನ ಕೆಳಗೆ ತಲೆ ಹಿಡಿದುಕೊಂಡು, ಒಂದು ಕಾಲು ಗಾಳಿಯಲ್ಲಿ, ನಗು ಬರುವಂತೆ ನಿಂತಿದ್ದ. ಆ ನಿಲುವು ಇನ್ನು ಹಾಗೇ ಇರುತ್ತದೆ, ನೋಡಲು ಬಂದವರೆಲ್ಲ ಅದನ್ನೇ ನೋಡುತ್ತಾರೆ. ಅವನು ಗುಂಡಿಯಿಂದ ಬೆರಳು ತೆಗೆದು, ಅಂಗಿಗೆ ಒರೆಸಿಕೊಂಡು, ಎದ್ದುಹೋಗಿ ಹಗ್ಗ ಎಳೆದ. ಗಂಟೆ ಹೊಡೆಯಿತು.

ಬೀದಿಗೆ ಬೀದಿಯೇ ಬೆಚ್ಚಿತು. ಕ್ಷೌರದವನ ಕತ್ತಿ ನಿಂತಿತು. ಇನ್ನು ಈ ಹೊತ್ತು ನಿಜದ ಹೊತ್ತು, ಇಟ್ಟ ಹೆಜ್ಜೆ ಇಟ್ಟದ್ದೇ ಎಂಬುದು ಎಲ್ಲರಿಗೂ ಒಮ್ಮೆಗೇ ತಿಳಿಯಿತು. ಚೆನ್ನಾಜಮ್ಮ ಗಂಟೆಯ ಕಡೆ ನೋಡಿದಳು, ಅಕ್ಕನ ಕಡೆ ನೋಡಿದಳು. ತಿರುಗಿದವಳೇ ಸರಸರನೆ ತನ್ನ ಮನೆಯೊಳಗೆ ಹೋಗಿಬಿಟ್ಟಳು, ಒರಳಿನ ಸಮೇತ.

"ಕೆಡಿಸ್ಬುಟ್ರಲ್ಲ ಅಯ್ನೋರೆ," ಅಂದ ಕಪನಯ್ಯ. "ಎಳ್ಯೋ ಹೊತ್ನಲ್ಲಾದ್ರೆ ಬಂದು ಕೊಡ್ತಾನಾದ್ರೂ ಇದ್ಲು."

"ಹಂಗೆ ಕೊಟ್ಟಿದ್ದನ್ನ ಏನಂತಾರೆ ಕಪನಯ್ಯ?" ಅಂದೆ. ಅಂದೆನೇ ಹೊರತು ಎದೆಯೊಳಗೆ ಪಂಚಾಕ್ಷರಿ ನಡೆದಿತ್ತು. ಭಯ ಇಲ್ಲದ ನೆಗೆತವನ್ನು ಅಷ್ಟು ದಿನ ಹಳಿದವನು ನಾನು. ಈಗ ಚೆನ್ನಾಜಮ್ಮನಿಗೆ ಭಯವಿತ್ತು, ನೆಗೆತ ಕಾಣಲಿಲ್ಲ. ದೇವೀರಮ್ಮ ಟ್ರಂಕು ಎತ್ತಿದಳು. ಎರಡು ಹೆಜ್ಜೆ ನಡೆದು, ಭಾರವೆಂಬಂತೆ ಮತ್ತೆ ಕೆಳಗಿಟ್ಟಳು. ಭಾರ ಟ್ರಂಕಿನದಲ್ಲ ಎಂದು ನೋಡಿದವರಿಗೆ ಗೊತ್ತಿತ್ತು. ಹಾರನ್ ನಿಂತಿತು. ಡ್ರೈವರ್‌ಗೂ ಬಹುಶಃ ಬೇಸರ ಬಂದು ಬೀಡಿ ಹಚ್ಚಿದ್ದ.

ಬಾಗಿಲು ಕಿರ್ರೆಂದಿತು. ಅಷ್ಟರಲ್ಲಿ ಮಂಜು ಪೂರ್ತಿ ಎದ್ದು, ಎದ್ದದ್ದು ಎದ್ದೇ ಉಳಿದು, ಬೀದಿಯ ಕಲ್ಲುಗಳ ಮೇಲೆ ಬಿಸಿಲು ಬಿದ್ದಿತ್ತು. ಚೆನ್ನಾಜಮ್ಮ ಒರಳನ್ನು ಸೆರಗಿನಲ್ಲಿ ಮುಚ್ಚಿಕೊಂಡಿರಲಿಲ್ಲ. ಕಾಣುವಂತೆ ಸೊಂಟದ ಮೇಲೆ, ಕೂಸನ್ನು ಎತ್ತಿಕೊಂಡ ಹಾಗೆ ತರುತ್ತಿದ್ದಳು. ನಡುಬೀದಿಯಲ್ಲಿ ಒಮ್ಮೆ ನಿಂತಳು, ಮತ್ತೆ ಬಂದಳು. ಒರಳನ್ನು ಅಕ್ಕನ ಕೈಗಿಟ್ಟಳು. ದೇವೀರಮ್ಮ ಅದನ್ನು ತಿರುಗಿಸಿ, ಹಳೆಯ ಅಭ್ಯಾಸದಂತೆ ಅದರ ಬಾಯೊಳಗೆ ಬೆರಳಾಡಿಸಿದಳು. ಬೆರಳು ಅಲ್ಲೇ ನಿಂತಿತು.

ಆಗ ನಮಗೆಲ್ಲ ಕಂಡಿತು. ಬಿಲ್ಲೆ ಇರಲಿಲ್ಲ. ಅಷ್ಟು ಸಲ, ಅತ್ತ ಸಲ, ಅಳದ ಸಲ, ನುಣುಪಾಗಿ ಕೊಟ್ಟ ಸಲ, ಒಂದು ಸಲವೂ ಇರಲಿಲ್ಲ. ಎಳೆಯುವ ಹೊತ್ತಿನಲ್ಲಿ ಕೊಡುವಾಗ ಅದನ್ನು ಮನೆಯಲ್ಲೇ ಇಟ್ಟು ಬಂದಿದ್ದಳು. ಸಾಸಿವೆಯಷ್ಟು ತಪ್ಪನ್ನೂ ಹೆಕ್ಕಿ ಆಡುವ ನಾವು ಅಷ್ಟು ಬಾಯಿಗಳು ಅಲ್ಲಿದ್ದೆವು, ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಚೆನ್ನಾಜಮ್ಮ ತಲೆ ತಗ್ಗಿಸಿ, ಸೆರಗಿನ ತುದಿಯ ಗಂಟಿಗೆ ಕೈ ಹಾಕಿದಳು. ಗಂಟು ಬಿಗಿಯಾಗಿತ್ತು, ಬಿಚ್ಚಲು ಹೊತ್ತು ಹಿಡಿಯಿತು. ಬಿಚ್ಚಿ, ಹುಣಿಸೆಹಣ್ಣು ಹಾಕಿ ಆಗಷ್ಟೇ ತಿಕ್ಕಿ ಬೆಳಗಿದ, ಇನ್ನೂ ನೀರಾರದ ಹಿತ್ತಾಳೆಯ ಬಿಲ್ಲೆಯನ್ನು ಅಕ್ಕನ ಅಂಗೈಯಲ್ಲಿಟ್ಟು, ಅವಳ ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಮಡಿಸಿದಳು.